ಸೈರನ್ ಯಾಕೆ ಕೂಗಲಿಲ್ಲ? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಕಳೆದ ಸಂಚಿಕೆಯಲ್ಲಿ, ಬೇರೆ ಯಾವುದೋ ಪ್ರಶ್ನೆಗೆ ಉತ್ತರಿಸುವಾಗ, 1942ರಲ್ಲಿ ವಿಶಾಖಪಟ್ಟಣದ ಮೇಲೆ ಜಪಾನಿನ ವಿಮಾನಗಳು ಬಾಂಬು ಹಾಕಿದ್ದವು ಅಂತ ಒಂದೇ ಒಂದು ಸಾಲು ಬರೆದಿದ್ದೆ. ಆ ಸಾಲಿಗೆ ಬಂದಷ್ಟು ಪತ್ರ ಇಡೀ ಅಂಕಣಕ್ಕೂ ಬಂದಿರಲಿಲ್ಲ. ಜಾಸ್ತಿ ಪತ್ರಗಳು ಕರಾವಳಿಯಿಂದಲೇ. ಹಾಗಾಗಿ ಈ ಸಲ ಗೊಬ್ಬರ, ಸಕ್ಕರೆ ಕಾಯಿಲೆ, ಆಸ್ತಿ ಭಾಗದ ಪ್ರಶ್ನೆಗಳೆಲ್ಲ ಮುಂದಿನ ಸಲಕ್ಕೆ. ಕಡಲ ತೀರದ ಊರುಗಳು, ಅವುಗಳ ಮೇಲೆ ಬಿದ್ದ ಬಾಂಬು, ಸತ್ತ ಸಾಮಾನ್ಯ ಜನ, ಇಷ್ಟೇ ಇವತ್ತಿನ ವಿಷಯ.

ನಾನು ಇತಿಹಾಸ ಓದುವ ವಿದ್ಯಾರ್ಥಿನಿ. ಎರಡನೇ ಮಹಾಯುದ್ಧ ಅಂದರೆ ನಮಗೆ ಕೊಹಿಮಾ, ಇಂಫಾಲ ಅಷ್ಟೇ ಗೊತ್ತು. ವಿಶಾಖಪಟ್ಟಣದ ಕತೆ ನಿಜವಾ ಸಾರ್? (ಕುಮಟಾ)

ನಿಜ ಕಣಮ್ಮಾ. 1942ರ ಏಪ್ರಿಲ್ 6, ಸೋಮವಾರ. ಜಪಾನಿನ ರ್‍ಯೂಜೊ ಅನ್ನುವ ವಿಮಾನವಾಹಕ ಹಡಗು ಬಂಗಾಳ ಕೊಲ್ಲಿಯೊಳಗೆ ಬಂದಿತ್ತು. ಅದರಿಂದ ಹಾರಿದ ವಿಮಾನಗಳು ವಿಶಾಖಪಟ್ಟಣದ ಮೇಲೂ ಕಾಕಿನಾಡದ ಮೇಲೂ ಬಾಂಬು ಹಾಕಿದವು. ಗುರಿ ಬಂದರು. ಸತ್ತವರ ಸಂಖ್ಯೆ ದೊಡ್ಡದಲ್ಲ. ಆದರೆ ಅದೇ ಹೊತ್ತಿನಲ್ಲಿ ಸಮುದ್ರದ ಮೇಲೆ ನಡೆದದ್ದು ದೊಡ್ಡದು. ಕಲ್ಕತ್ತಾದಿಂದ ಹೊರಟು ಒಡಿಶಾ, ಆಂಧ್ರದ ಅಂಚಿನಲ್ಲಿ ಇಳಿದು ಬರುತ್ತಿದ್ದ ಸರಕು ಹಡಗುಗಳನ್ನು ಜಪಾನಿನ ಅದೇ ತಂಡ ಒಂದರ ಹಿಂದೆ ಒಂದು ಮುಳುಗಿಸಿತು, ಕೆಲವೇ ದಿನಗಳಲ್ಲಿ ಸುಮಾರು ಇಪ್ಪತ್ತು ಹಡಗು. ಅವುಗಳಲ್ಲಿ ಕಲ್ಲಿದ್ದಲು ತುಂಬುತ್ತಿದ್ದವರು, ಅಡಿಗೆ ಮಾಡುತ್ತಿದ್ದವರು, ಡೆಕ್ ತೊಳೆಯುತ್ತಿದ್ದವರು ಬಹಳಷ್ಟು ಮಂದಿ ನಮ್ಮವರೇ, ಲಸ್ಕರ್ ಅಂತ ಕರೆಯುತ್ತಿದ್ದರಲ್ಲ, ಅವರು. ಊರಿನ ಮೇಲೆ ಬಿದ್ದ ಬಾಂಬಿಗೆ ಸತ್ತವರನ್ನು ಎಣಿಸುವಾಗ ಈ ಹಡಗಿನವರನ್ನು ಯಾರೂ ಸೇರಿಸುವುದಿಲ್ಲ. ನನಗಂತೂ ಅದು ಸರಿ ಅನ್ನಿಸಿಲ್ಲ.

ವಿಶಾಖಪಟ್ಟಣಕ್ಕೆ ಹೋದರೆ ಕಡಲ ದಂಡೆಯ ವಿಶಾಖ ಮ್ಯೂಸಿಯಂಗೆ ಒಂದು ಸುತ್ತು ಹಾಕಿ. ಅವತ್ತು ಬಿದ್ದು ಸಿಡಿಯದೇ ಉಳಿದ ಬಾಂಬೊಂದನ್ನು ಅಲ್ಲಿ ಇಟ್ಟಿದ್ದಾರೆ.

ಬೆರಳೆಣಿಕೆ ಜನ ಸತ್ತಿದ್ದಕ್ಕೆ ಊರಿಗೆ ಊರೇ ಖಾಲಿ ಆಯಿತಂತೆ. ಮದ್ರಾಸಿನವರಂತೂ ಬಾಂಬು ಬೀಳುವ ಮೊದಲೇ ಓಡಿದರಂತೆ. ಲಂಡನ್ನಿನವರು ಎದೆಗೊಟ್ಟು ನಿಂತರು, ನಮ್ಮವರು ಹೆದರುಪುಕ್ಕಲರು ಅಂತಲೇ ಆಯಿತಲ್ಲ? (ಶಿವಮೊಗ್ಗ)

ಸ್ವಲ್ಪ ತಡೀರಿ ಸ್ವಾಮಿ. ವಿಶಾಖಪಟ್ಟಣ, ಕಾಕಿನಾಡದ ಜನಕ್ಕೆ ಬಾಂಬು ಅಂದರೆ ಏನು ಅಂತ ಏಪ್ರಿಲ್‌ಗೆ ಮೊದಲೇ ಗೊತ್ತಿತ್ತು. ಹೇಗೆ ಅಂದರೆ ಬರ್ಮಾದ ರಂಗೂನಿನಿಂದ. ಆ ಕಾಲಕ್ಕೆ ರಂಗೂನಿನ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಭಾರತೀಯರು. ಬಂದರಿನ ಕೂಲಿ, ಅಕ್ಕಿ ಗಿರಣಿ ಕೆಲಸ, ರಿಕ್ಷಾ ಎಳೆಯುವುದು, ಇವನ್ನೆಲ್ಲ ಬಹುಪಾಲು ಮಾಡುತ್ತಿದ್ದವರು ತೆಲುಗು ಸೀಮೆಯವರು. 1941ರ ಡಿಸೆಂಬರ್ 23ರಂದು ರಂಗೂನಿನ ಮೇಲೆ ಹಗಲು ಹೊತ್ತಿನಲ್ಲೇ ಜಪಾನಿನ ವಿಮಾನಗಳು ಬಂದವು. ಜನ ಬೀದಿಗೆ ಬಂದು ತಲೆ ಎತ್ತಿ ನೋಡುತ್ತ ನಿಂತರು. ವಿಮಾನದ ಹಾರಾಟ ಒಂದು ತಮಾಷೆ ಅಂದುಕೊಂಡರು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಎರಡು ದಿನ ಬಿಟ್ಟು ಕ್ರಿಸ್‌ಮಸ್ ದಿನ ಮತ್ತೆ ಬಂದವು. ಆಮೇಲೆ ಶುರುವಾಯಿತು ನೋಡಿ ಓಟ. ಹಡಗು ಸಿಕ್ಕವರು ಹಡಗು ಹತ್ತಿದರು, ಸಿಗದ ಲಕ್ಷಗಟ್ಟಲೆ ಜನ ಕಾಡು ಬೆಟ್ಟ ದಾಟಿ ನಡೆದುಕೊಂಡೇ ಬಂದರು. ದಾರಿಯಲ್ಲಿ ಮಲೇರಿಯ, ಕಾಲರಾ, ಹಸಿವು. ಹಡಗಿನಲ್ಲಿ ಬಂದವರು ಇಳಿದದ್ದು ಪೂರ್ವ ಕರಾವಳಿಯ ಬಂದರುಗಳಲ್ಲಿ, ಹೇಳಿದ ಕತೆ ರಂಗೂನಿನದು.

ಹೀಗೆ ಕಣ್ಣಾರೆ ಕಂಡವರ ಬಾಯಿಂದ ಕೇಳಿದ ಊರು, ತನ್ನ ಮೇಲೂ ಬಾಂಬು ಬಿದ್ದ ದಿನ ಗಂಟುಮೂಟೆ ಕಟ್ಟಿದರೆ ಅದನ್ನು ಹೆದರಿಕೆ ಅಂತೀರೋ, ಬುದ್ಧಿ ಅಂತೀರೋ? ನಾನು ಬುದ್ಧಿ ಅಂತೀನಿ.

ಮದ್ರಾಸಿನದು ಬೇರೆ ಕತೆ. ವಿಶಾಖಪಟ್ಟಣದ ದಾಳಿಯ ಬೆನ್ನಿಗೇ, ಜಪಾನಿನ ನೌಕಾಪಡೆ ಮದ್ರಾಸಿಗೆ ಬರುತ್ತಿದೆ ಅನ್ನುವ ಸುದ್ದಿಯನ್ನು ಅಲ್ಲಿನ ಸರ್ಕಾರವೇ ನಂಬಿತು. ಗವರ್ನರ್ ಆರ್ಥರ್ ಹೋಪ್. ಅಗತ್ಯವಿಲ್ಲದವರು ಊರು ಬಿಡಿ ಅಂತ ಹೇಳಿ, ಸರ್ಕಾರ ತನ್ನ ಕಚೇರಿಗಳನ್ನೂ ಒಳನಾಡಿಗೆ ಸಾಗಿಸಿತು! ದೊಡ್ಡವರ ಕಡತಗಳೇ ರೈಲು ಹತ್ತುವಾಗ ಬಡವ ಕೂತಿರುತ್ತಾನಾ? ಲಕ್ಷಾಂತರ ಜನ ಹೊರಟರು. ಬಾಂಬು ಬಿದ್ದು ಬೋನು ಒಡೆದರೆ ಬೀದಿಗೆ ಬರುತ್ತವೆ ಅಂತ ಮೃಗಾಲಯದ ಹುಲಿ ಸಿಂಹಗಳನ್ನು ಗುಂಡಿಕ್ಕಿ ಕೊಂದರು. ಜಪಾನಿನ ನೌಕಾಪಡೆ ಬರಲೇ ಇಲ್ಲ. ಒಂದೂವರೆ ವರ್ಷ ಕಳೆದು, 1943ರ ಅಕ್ಟೋಬರ್‌ನಲ್ಲಿ, ಒಂಟಿ ವಿಮಾನವೊಂದು ರಾತ್ರಿ ಬಂದು ಕೆಲವು ಬಾಂಬು ಉದುರಿಸಿ ಹೋಯಿತು, ಅಷ್ಟೆ. ಅಂದಹಾಗೆ ಆಗ ದಕ್ಷಿಣ ಕನ್ನಡ, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಮದ್ರಾಸಿನಲ್ಲಿ ಕೂತಿದ್ದ ಆ ಸರ್ಕಾರವೇ ನಮ್ಮ ಮಂಗಳೂರಿಗೂ ಸರ್ಕಾರ.

ಮದ್ರಾಸಿನ ಓಟ ನೋಡಿ ನಗುವುದು ಸುಲಭ. ನಗುವ ಮೊದಲು ಮುಂದಿನ ಉತ್ತರ ಓದಿ.

ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಜರ್ಮನಿ ನಡೆಸಿದ ಬಾಂಬು ದಾಳಿ, ಬ್ಲಿಟ್ಜ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದಕ್ಕೂ ಮೊದಲು, ಮೊದಲನೇ ಮಹಾಯುದ್ಧದಲ್ಲೇ ಇಂಗ್ಲೆಂಡಿನ ಕಡಲ ಊರುಗಳಿಗೆ ಬಾಂಬು ಬಿದ್ದಿತ್ತಂತೆ. ಸ್ವಲ್ಪ ವಿವರ ಬೇಕು. (ಉಡುಪಿ)

ಜೀವ ತೆಗೆದ ಬಾಂಬು ಮೊದಲು ಬಿದ್ದದ್ದು 1915ರ ಜನವರಿ 19ರ ರಾತ್ರಿ, ಪೂರ್ವ ತೀರದ ಗ್ರೇಟ್ ಯಾರ್ಮತ್ ಮತ್ತು ಅದರ ಆಸುಪಾಸು. ವಿಮಾನಗಳಲ್ಲ, ಜೆಪ್ಪೆಲಿನ್ ಅನ್ನುವ ಉದ್ದನೆಯ ವಾಯುನೌಕೆಗಳು. ಹೊರಟದ್ದು ಬೇರೆ ಕಡೆಗೆ, ಗಾಳಿ ತಳ್ಳಿದ್ದು ಇಲ್ಲಿಗೆ. ಯಾರ್ಮತ್‌ನಲ್ಲಿ ಒಬ್ಬ ಚಮ್ಮಾರ, ಒಬ್ಬ ಮುದುಕಿ, ಕಿಂಗ್ಸ್ ಲಿನ್‌ನಲ್ಲಿ ಒಬ್ಬ ಹುಡುಗ, ಒಬ್ಬ ಯುವತಿ. ಒಟ್ಟು ನಾಲ್ಕು ಜೀವ.

ನಾನು ಹೇಳಬೇಕು ಅಂದುಕೊಂಡಿದ್ದು ಫೋಕ್‌ಸ್ಟನ್ ಬಗ್ಗೆ. ಇಂಗ್ಲೆಂಡಿನ ಆಗ್ನೇಯ ತುದಿಯ ಊರು. ಎದುರಿಗೇ ಫ್ರಾನ್ಸ್. ಯುದ್ಧಕ್ಕೆ ಮೊದಲು ಹಣವಂತರು ಬಿಸಿಲು ಕಾಯಿಸಲು ಬರುತ್ತಿದ್ದ ಜಾಗ, ಯುದ್ಧ ಶುರುವಾದ ಮೇಲೆ ಸೈನಿಕರು ಫ್ರಾನ್ಸಿಗೆ ಹಡಗು ಹತ್ತುವ ಬಂದರು. 1917ರ ಮೇ 25, ಶುಕ್ರವಾರ. ಭಾನುವಾರ ಕ್ರೈಸ್ತರ ಹಬ್ಬ, ಸೋಮವಾರ ರಜೆ. ವಾರದ ಸಂಬಳ ಕೈಗೆ ಬಂದಿತ್ತು. ಆ ವರ್ಷ ಅಲ್ಲಿ ಆಲೂಗಡ್ಡೆಗೆ ಬರ. ಟಾಂಟೀನ್ ಸ್ಟ್ರೀಟ್ ಅನ್ನುವ ಬೀದಿಯ ತರಕಾರಿ ಅಂಗಡಿಗೆ ಆಲೂಗಡ್ಡೆ ಬಂದಿದೆ ಅಂತ ಸುದ್ದಿ ಹಬ್ಬಿ ಹೆಂಗಸರು ಮಕ್ಕಳು ಕ್ಯೂ ನಿಂತಿದ್ದರು.

ಬೆಲ್ಜಿಯಂನ ಘೆಂಟ್ ಹತ್ತಿರದಿಂದ ಇಪ್ಪತ್ತಕ್ಕೂ ಹೆಚ್ಚು ಗೋಥಾ ಬಾಂಬರ್ ವಿಮಾನಗಳು ಲಂಡನ್ನಿಗೆ ಅಂತ ಹೊರಟಿದ್ದವು. ಮುಖಂಡ ಅರ್ನ್‌ಸ್ಟ್ ಬ್ರಾಂಡನ್‌ಬುರ್ಗ್. ಲಂಡನ್ ಹತ್ತಿರ ದಟ್ಟ ಮೋಡ. ಹಾಗಾಗಿ ಅವು ದಕ್ಷಿಣಕ್ಕೆ ತಿರುಗಿ, ವಾಪಸ್ ಹೋಗುವ ದಾರಿಯಲ್ಲಿ ಸಿಕ್ಕ ಊರುಗಳ ಮೇಲೆ ಬಾಂಬು ಇಳಿಸುತ್ತ ಬಂದವು. ಶಾರ್ನ್‌ಕ್ಲಿಫ್ ಸೈನಿಕ ಶಿಬಿರದಲ್ಲಿ ಹದಿನೆಂಟು ಮಂದಿ ಹೋದರು, ಹೆಚ್ಚಿನವರು ಕೆನಡಾದ ಹುಡುಗರು. ಆಮೇಲೆ ಫೋಕ್‌ಸ್ಟನ್. ಸಂಜೆ ಆರು ದಾಟಿತ್ತು, ಇನ್ನೂ ಒಳ್ಳೇ ಬೆಳಕು. ತುಂಬಾ ಎತ್ತರದಲ್ಲಿ ಬಿಸಿಲಿಗೆ ಹೊಳೆಯುತ್ತಿದ್ದ ವಿಮಾನಗಳನ್ನು ಜನ ನೋಡಿದರು, ನಮ್ಮವೇ ಅಂದುಕೊಂಡರು. ಶಿಬಿರದಲ್ಲಿ ದಿನಾ ಗುಂಡಿನ ಅಭ್ಯಾಸ ನಡೆಯುತ್ತಿದ್ದರಿಂದ ಸದ್ದಿಗೂ ಯಾರೂ ಬೆಚ್ಚಲಿಲ್ಲ. ಆ ತರಕಾರಿ ಅಂಗಡಿಯ ಮುಂದೆ ಬಿದ್ದ ಒಂದೇ ಒಂದು ಬಾಂಬಿಗೆ ಅರವತ್ತರ ಹತ್ತಿರ ಜನ ಸತ್ತರು. ಅವತ್ತಿನ ಇಡೀ ದಾಳಿಯಲ್ಲಿ ಸತ್ತವರು 95, ಗಾಯಗೊಂಡವರು ಇನ್ನೂರರ ಹತ್ತಿರ. ಬ್ರಿಟನ್ನಿನ ಎಪ್ಪತ್ತರಷ್ಟು ವಿಮಾನ ಮೇಲೆದ್ದವು ಅನ್ನುತ್ತಾರೆ, ಆದರೆ ಅಷ್ಟು ಎತ್ತರ ಹತ್ತುವ ಹೊತ್ತಿಗೆ ಗೋಥಾಗಳು ಕಡಲ ಮೇಲಿದ್ದವು.

ಇನ್ನೊಂದು ವಿಷಯ. ಮರುದಿನದ ಸರ್ಕಾರಿ ಹೇಳಿಕೆಯಲ್ಲಿ ಫೋಕ್‌ಸ್ಟನ್ ಅನ್ನುವ ಹೆಸರೇ ಇರಲಿಲ್ಲ. ಹಾನಿಯೆಲ್ಲ ಹೆಚ್ಚುಕಮ್ಮಿ ಒಂದೇ ಪಟ್ಟಣದಲ್ಲಿ ಆಗಿದೆ ಅಂತ ಬರೆದು ಮುಗಿಸಿದರು. ಶತ್ರುವಿಗೆ ತಿಳಿಯಬಾರದಂತೆ! ಬಾಂಬು ಹಾಕಿದವನಿಗೆ ತಾನು ಎಲ್ಲಿ ಹಾಕಿದೆ ಅಂತ ಗೊತ್ತಿರುವುದಿಲ್ವಾ?

ಫೋಕ್‌ಸ್ಟನ್‌ನಲ್ಲಿ ಸೈರನ್ ಇರಲಿಲ್ಲವಾ? ವಿಮಾನ ಬರುತ್ತಿರುವುದು ಯಾರಿಗೂ ಗೊತ್ತಾಗಲಿಲ್ಲವಾ? (ಅದೇ ಉಡುಪಿಯವರು, ಎರಡನೇ ಪ್ರಶ್ನೆ)

ಗೊತ್ತಾಗಿತ್ತು. ಗೋಥಾಗಳು ತೀರ ದಾಟಿ ಒಳಗೆ ಬಂದು, ಲಂಡನ್ ಕಡೆ ಹೋಗಿ, ತಿರುಗಿ, ಇಡೀ ಕೆಂಟ್ ಜಿಲ್ಲೆ ಸುತ್ತಿ ಫೋಕ್‌ಸ್ಟನ್‌ಗೆ ಬರಲು ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಸೇನೆಗೆ ಫೋನ್ ಹೋಗಿತ್ತು. ಕ್ಯೂ ನಿಂತವರಿಗೆ ಹೇಳಲಿಲ್ಲ.

ಇದು ಮರೆವಲ್ಲ, ನೀತಿ. ಹಿಂದಿನ ವರ್ಷಗಳಲ್ಲಿ ಜೆಪ್ಪೆಲಿನ್ ಬಂತು ಅಂತ ಎಚ್ಚರಿಕೆ ಕೊಟ್ಟಾಗೆಲ್ಲ ಕಾರ್ಖಾನೆಗಳು ಗಂಟೆಗಟ್ಟಲೆ ನಿಲ್ಲುತ್ತಿದ್ದವು. ಮದ್ದುಗುಂಡು ತಯಾರಿ ಕುಂಠಿತ. ಮತ್ತೆ, ಎಚ್ಚರಿಕೆ ಕೊಟ್ಟರೆ ಜನ ಒಳಗೆ ಹೋಗುವ ಬದಲು ನೋಡಲು ಹೊರಗೆ ಬರುತ್ತಾರೆ, ಇಲ್ಲವೇ ದಿಕ್ಕಾಪಾಲಾಗಿ ಓಡುತ್ತಾರೆ ಅನ್ನುವ ವಾದ. ಹಾಗಾಗಿ ಸುಮ್ನಿರುವುದೇ ಮೇಲು ಅಂತ ತೀರ್ಮಾನವಾಗಿತ್ತು. ಫೋಕ್‌ಸ್ಟನ್ ಜನ ಸಿಟ್ಟಿನಿಂದ ಸಭೆ ಸೇರಿ ಕೇಳಿದ್ದೂ ಇದನ್ನೇ: ನಮಗೆ ಯಾಕೆ ಹೇಳಲಿಲ್ಲ?

ಆ ಪ್ರಶ್ನೆಗೆ ತಕ್ಷಣ ಉತ್ತರ ಸಿಗಲಿಲ್ಲ. ಜೂನ್ 13ರಂದು ಅದೇ ಗೋಥಾಗಳು ಲಂಡನ್ನಿಗೆ ಹಗಲಲ್ಲೇ ಬಂದವು, ಆಗಲೂ ಜನಕ್ಕೆ ಎಚ್ಚರಿಕೆ ಇಲ್ಲ. 162 ಜನ ಸತ್ತರು. ಪಾಪ್ಲರ್ ಬಡಾವಣೆಯ ಒಂದು ಶಾಲೆಯಲ್ಲೇ 18 ಮಕ್ಕಳು, ಹೆಚ್ಚಿನವು ಐದು ವರ್ಷದವು. ಜುಲೈ 7ರಂದು ಮತ್ತೆ ಬಂದವು. ಆಮೇಲೆ ಸರ್ಕಾರ ಮೆತ್ತಗಾಯಿತು. ಹಗಲು ದಾಳಿಗೆ ಸದ್ದಿನ ಬಾಣ ಹಾರಿಸುವುದು, ರಕ್ಷಣೆಗೆ ಹೋಗಿ ಅಂತ ಬೋರ್ಡು ಕಟ್ಟಿಕೊಂಡ ಪೊಲೀಸರು ಸೈಕಲ್ಲಿನಲ್ಲಿ ಬೀದಿ ಸುತ್ತುವುದು, ಎಲ್ಲ ಮುಗಿದ ಮೇಲೆ ಸ್ಕೌಟ್ ಹುಡುಗರು ಕಹಳೆ ಊದುವುದು. ನಗು ಬರಬಹುದು, ಆದರೆ ಅದು ಸುಮ್ನಿರುವುದಕ್ಕಿಂತ ಸಾವಿರ ಪಾಲು ಮೇಲು.

ಇದೇ ದಾಳಿಗಳ ಗಲಾಟೆಯಲ್ಲಿ ವಾಯುರಕ್ಷಣೆಯ ಬಗ್ಗೆ ದಕ್ಷಿಣ ಆಫ್ರಿಕಾದ ಸ್ಮಟ್ಸ್ ಅವರ ವರದಿ ಬಂತು, ಅದರಿಂದ 1918ರ ಏಪ್ರಿಲ್ 1ರಂದು ಬ್ರಿಟನ್ನಿನ ವಾಯುಪಡೆ, ರಾಯಲ್ ಏರ್ ಫೋರ್ಸ್ ಹುಟ್ಟಿತು. ಸ್ಮಟ್ಸ್ ಅಂದರೆ ಗಾಂಧೀಜಿಯ ಜೊತೆ ಜಟಾಪಟಿ ಮಾಡಿದ ಅದೇ ಸ್ಮಟ್ಸ್.

ಶಿವಮೊಗ್ಗದವರೇ, ಈಗ ಹೇಳಿ. ಫೋಕ್‌ಸ್ಟನ್‌ನಲ್ಲಿ ಸರ್ಕಾರ ಬಾಯಿ ಬಿಡಲಿಲ್ಲ, ಜನ ಕ್ಯೂನಲ್ಲೇ ಸತ್ತರು. ಮದ್ರಾಸಿನಲ್ಲಿ ಸರ್ಕಾರ ಗಾಬರಿಯಲ್ಲಿ ಜಾಸ್ತಿಯೇ ಬಾಯಿ ಬಿಟ್ಟಿತು, ಜನ ಊರು ಬಿಟ್ಟು ಪಡಬಾರದ ಪಾಡು ಪಟ್ಟರು, ಆಮೇಲೆ ಬದುಕಿ ವಾಪಸ್ ಬಂದರು. ಎರಡರಲ್ಲಿ ಒಂದು ಆರಿಸು ಅಂದರೆ ನಾನು ಮದ್ರಾಸಿನ ರೈಲು ಹತ್ತುತ್ತೇನೆ.

ಕಡಲ ತೀರದ ಊರುಗಳಿಗೇ ಯಾಕೆ ಇಷ್ಟು ಬಾಂಬು? ಬಂದರು ಇಲ್ಲದ ಸಣ್ಣ ಊರುಗಳಿಗೂ ಬಿದ್ದಿದೆಯಲ್ಲ. (ಮಲ್ಪೆಯ ಮೀನುಗಾರರೊಬ್ಬರು)

ಇದನ್ನು ನೀವೇ ನನಗಿಂತ ಚೆನ್ನಾಗಿ ಹೇಳಬಹುದು. ರಾತ್ರಿ ದೋಣಿಯಿಂದ ನೋಡಿದರೆ ದಡದ ಗೆರೆ ಕಾಣುತ್ತದಲ್ಲ? ಊರಿನ ದೀಪವೆಲ್ಲ ಆರಿಸಿದರೂ, ಬೆಳದಿಂಗಳಿದ್ದರೆ ನೀರು ಮತ್ತು ನೆಲದ ಅಂಚು ಮರೆಯಾಗುವುದಿಲ್ಲ. ವಿಮಾನದವನಿಗೂ ಅದೇ ದಾರಿ ಗುರುತು. ಎರಡನೆಯದು, ಸಮುದ್ರದ ಮೇಲೆ ಕಾವಲಿಗೆ ಯಾರೂ ಇರುವುದಿಲ್ಲ. ನೆಲದ ಮೇಲೆ ಬಂದರೆ ಹತ್ತೂರಿನವರು ನೋಡಿ ಫೋನ್ ಮಾಡುತ್ತಾರೆ. ಮೂರನೆಯದು ಬಹಳ ಹೀನಾಯ. ಗುರಿ ಸಿಗದೇ ವಾಪಸ್ ಹೋಗುವವನು ಉಳಿದ ಬಾಂಬಿನ ಭಾರ ಹೊತ್ತು ಕಡಲು ದಾಟಲು ಇಷ್ಟಪಡುವುದಿಲ್ಲ. ದಾರಿಯ ಕೊನೆಯ ಊರಿನ ಮೇಲೆ ಇಳಿಸಿ ಹೋಗುತ್ತಾನೆ. ಆ ಕೊನೆಯ ಊರು ಯಾವಾಗಲೂ ಕಡಲ ಊರೇ.

ಎರಡನೇ ಯುದ್ಧದಲ್ಲಿ ಇದು ಇನ್ನೂ ಚುರುಕಾಯಿತು. 1942-43ರಲ್ಲಿ ಜರ್ಮನಿಯ ಸಣ್ಣ ಯುದ್ಧವಿಮಾನಗಳು ಅಲೆಯ ನೆತ್ತಿ ಸವರುವಂತೆ ತೀರಾ ಕೆಳಗೆ ಹಾರಿ ಬರುತ್ತಿದ್ದವು. ಅಷ್ಟು ಕೆಳಗೆ ಬಂದರೆ ರೇಡಾರಿಗೆ ಕಾಣುವುದು ಕಷ್ಟ. ದಡದಲ್ಲಿ ಬಾಂಬು ಹಾಕಿ ಹಾಗೇ ತಿರುಗಿ ಪರಾರಿ. 1943ರ ಮೇ 30, ಭಾನುವಾರ, ಇಂಗ್ಲೆಂಡಿನ ಟಾರ್ಕೀ ಊರಿನ ಸೇಂಟ್ ಮೇರಿಚರ್ಚ್‌ನಲ್ಲಿ ಮಕ್ಕಳು ಭಾನುವಾರದ ಪಾಠಕ್ಕೆ ಬಂದಿದ್ದಾಗ ಇಗರ್ಜಿಗೆ ಬಾಂಬು ಬಿತ್ತು. 21 ಮಕ್ಕಳು ಸತ್ತರು. ಅಲ್ಲಿ ಸರ್ಕಾರ ಸುಳ್ಳು ಹೇಳಿತು ಅಂತ ದೂರುವ ಹಾಗಿಲ್ಲ. ಸೈರನ್ ಒತ್ತಲು ಸಮಯವೇ ಇರಲಿಲ್ಲ.

ಕೊಲಂಬೊಗೆ ಟೂರ್ ಹೋಗಿದ್ದೆವು. ಗೈಡ್ ಈಸ್ಟರ್ ದಿನದ ದಾಳಿ ಅಂದ. 2019ರದ್ದು ಅಂದುಕೊಂಡೆವು, ಅವನು 1942 ಅಂದ. ಏನದು? (ಮೈಸೂರು)

ಪಾಪದ ಊರು, ಎರಡೂ ಈಸ್ಟರ್ ಭಾನುವಾರವೇ. 1942ರ ಏಪ್ರಿಲ್ 5, ವಿಶಾಖಪಟ್ಟಣದ ಹಿಂದಿನ ದಿನ. ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಅಡ್ಮಿರಲ್ ನಗುಮೊ ಅವರ ತಂಡವೇ ಬಂದಿತ್ತು. ವಿಚಿತ್ರ ಅಂದರೆ ಹಿಂದಿನ ದಿನ ಸಂಜೆಯೇ ಕೆನಡಾದ ಪೈಲಟ್ ಲೆನಾರ್ಡ್ ಬರ್ಚಲ್ ಆ ಹಡಗುಗಳನ್ನು ನೋಡಿ ವೈರ್‌ಲೆಸ್‌ನಲ್ಲಿ ತಿಳಿಸಿದ್ದರು, ತಿಳಿಸುತ್ತಿದ್ದಾಗಲೇ ಅವರ ವಿಮಾನವನ್ನು ಹೊಡೆದು ಬೀಳಿಸಿದರು. ಹಾಗಾಗಿ ಬಂದರಿನ ಬಹುಪಾಲು ಹಡಗುಗಳನ್ನು ಮೊದಲೇ ಹೊರಗೆ ಕಳಿಸಿದ್ದರು. ಆದರೂ ಬೆಳಿಗ್ಗೆ ವಿಮಾನಗಳು ನೆತ್ತಿಯ ಮೇಲೆ ಬರುವ ತನಕ ರತ್ಮಲಾನ ವಿಮಾನ ನಿಲ್ದಾಣಕ್ಕೇ ಸುಳಿವಿರಲಿಲ್ಲ. ಇನ್ನು ಊರಿನವರ ಮಾತೇನು? ನಗರದಲ್ಲಿ ಸತ್ತ ಸಾಮಾನ್ಯ ಜನ 85 ಅನ್ನುವುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಅಂಗೊಡದ ಮಾನಸಿಕ ಆಸ್ಪತ್ರೆಗೂ ಬಾಂಬು ಬಿತ್ತು, ಬೇರೇನೋ ಕಟ್ಟಡ ಅಂದುಕೊಂಡು. ಹಡಗುಗಳಿಗೆ ಹಿಂದಿನ ದಿನ ಹೇಳಿದ್ದರು ಅನ್ನುವುದನ್ನು ಮಾತ್ರ ಮರೆಯಬೇಡಿ.

ಊರಿನ ಮೇಲೆ ಬಾಂಬು ಹಾಕಬಾರದು ಅಂತ ಕಾನೂನು ಇರಲಿಲ್ಲವೇ? (ಧಾರವಾಡ, ವಕೀಲರು)

ನಿಮಗೆ ಗೊತ್ತಿದ್ದೇ ಕೇಳುತ್ತಿದ್ದೀರಿ, ಇರಲಿ. 1907ರ ಹೇಗ್ ನಿಯಮದ ಪ್ರಕಾರ ರಕ್ಷಣೆ ಇಲ್ಲದ ಊರನ್ನು ಯಾವ ವಿಧಾನದಿಂದಲೂ ಹೊಡೆಯುವಂತಿಲ್ಲ. ಆದರೆ ಬಂದರಿದೆ, ಸೈನಿಕರಿದ್ದಾರೆ, ಫಿರಂಗಿ ಇದೆ ಅಂದರೆ ರಕ್ಷಣೆ ಇದ್ದ ಊರು ಅಂತಾಯಿತು. ಆ ಸಂದಿಯಲ್ಲಿ ಎಲ್ಲ ವಿಮಾನಗಳೂ ನುಗ್ಗಿದವು. 1923ರಲ್ಲಿ ವಾಯುಯುದ್ಧಕ್ಕೇ ಬೇರೆ ನಿಯಮ ಬರೆದರು, ಯಾವ ದೇಶವೂ ಅದನ್ನು ಒಪ್ಪಂದವಾಗಿ ಜಾರಿಗೆ ತರಲಿಲ್ಲ. ಸಾಮಾನ್ಯ ಜನರನ್ನು ಗುರಿ ಮಾಡಬಾರದು, ದಾಳಿಯಿಂದ ಜನರಿಗೆ ತೊಂದರೆಯಾಗುವುದಾದರೆ ಸಾಧ್ಯವಿದ್ದಷ್ಟು ಮುನ್ನೆಚ್ಚರಿಕೆ ಕೊಡಬೇಕು ಅಂತ ಬಿಡಿಸಿ ಬರೆದದ್ದು 1977ರ ಜಿನೀವಾ ಹೆಚ್ಚುವರಿ ಪ್ರೋಟೊಕಾಲ್‌ನಲ್ಲಿ. ಭಾರತ ಅದಕ್ಕೆ ಇನ್ನೂ ಸೇರಿಲ್ಲ.

ಜಪಾನ್, ಜರ್ಮನಿ ಅಂತ ಬೈಯುತ್ತೀರಿ. ನಮ್ಮ ವಿಮಾನಗಳು ಯಾವ ಕಡಲ ಊರಿಗೂ ಬಾಂಬು ಹಾಕಿಲ್ಲವೇ? (ಹೆಸರು ಬೇಡ ಅಂದಿದ್ದಾರೆ)

ಹಾಕಿವೆ. 1971ರ ಡಿಸೆಂಬರ್ 4ರಿಂದ ಐಎನ್‌ಎಸ್ ವಿಕ್ರಾಂತ್‌ನಿಂದ ಹಾರಿದ ವಿಮಾನಗಳು ಈಗಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಗುರಿ ವಿಮಾನ ನಿಲ್ದಾಣ, ಬಂದರು, ಹಡಗುಗಳು. ಅದೇ ಯುದ್ಧದಲ್ಲಿ ಪಾಕಿಸ್ತಾನದ ವಿಮಾನಗಳು ಗುಜರಾತಿನ ಓಖಾಕ್ಕೆ ಬಂದು ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದವು. ಆ ಯುದ್ಧ ನ್ಯಾಯದ್ದೇ ಅಂತ ನಾನೂ ನಂಬುತ್ತೇನೆ. ಬಂದರಿನ ಪಕ್ಕದ ಕೇರಿಯಲ್ಲಿ ಮಲಗಿದ್ದವನಿಗೆ ಮಾತ್ರ ಅದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ.

2025ರ ಮೇ ತಿಂಗಳಲ್ಲಿ ಮಾಕ್ ಡ್ರಿಲ್ ಅಂತ ಸೈರನ್ ಹಾಕಿದರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಬಾಲ್ಕನಿಗೆ ಬಂದು ವಿಡಿಯೊ ಮಾಡಿದರು. ನಿಜಕ್ಕೂ ಸೈರನ್ ಕೂಗಿದರೆ ಏನು ಮಾಡಬೇಕು? (ಬೆಂಗಳೂರು)

ರಂಗೂನಿನವರೂ ನೋಡಲು ಹೊರಗೆ ಬಂದಿದ್ದರು ತಾಯಿ. ಅವರ ಕೈಯಲ್ಲಿ ಫೋನ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಏರುತ್ತ ಇಳಿಯುತ್ತ ಕೂಗಿದರೆ ಅಪಾಯ ಬರುತ್ತಿದೆ ಅಂತ. ಒಂದೇ ಸಮನೆ ಉದ್ದಕ್ಕೆ ಕೂಗಿದರೆ ಅಪಾಯ ಮುಗಿಯಿತು ಅಂತ. ಮೊದಲನೆಯದು ಕೇಳಿದರೆ ಬಾಲ್ಕನಿ, ಕಿಟಕಿ, ಗಾಜು ಬಿಟ್ಟು ಕೆಳಗಿನ ಮಹಡಿಯ ಒಳಗೋಡೆಯ ಪಕ್ಕ ಹೋಗಿ ಕೂತುಕೊಳ್ಳಿ. ಬಯಲಲ್ಲಿದ್ದರೆ ಗುಂಡಿ, ಚರಂಡಿ ಏನಾದರೂ ಸಿಕ್ಕಿದ ಕಡೆ ಮಲಗಿ. ಗಾಯ ಮಾಡುವುದು ಹೆಚ್ಚಾಗಿ ಹಾರಿ ಬರುವ ಗಾಜು, ಕಬ್ಬಿಣದ ಚೂರು. ಲಿಫ್ಟ್ ಹತ್ತಬೇಡಿ. ಎರಡನೇ ಕೂಗು ಬರುವ ತನಕ ಹೊರಗೆ ಇಣುಕಬೇಡಿ. ಸುತ್ತಮುತ್ತ ವಯಸ್ಸಾದವರು, ಕಿವಿ ಕೇಳದವರು ಯಾವ ಮನೆಯಲ್ಲಿದ್ದಾರೆ ಅಂತ ಈಗಲೇ ತಿಳಿದಿಟ್ಟುಕೊಳ್ಳಿ, ಅವರಿಗೆ ಸೈರನ್ ಕೂಗಿದ್ದನ್ನು ಯಾರಾದರೂ ಹೋಗಿ ಹೇಳಬೇಕು.